ಧರೆಯ ಕೆಳಗಿನ ಮನೆಯವರನ್ನು ಲೆಕ್ಕಕ್ಕೆ ಹಿಡಿಯುವುದು ಹೇಗೆ

ನನ್ನ ತವರು ಮರವಂತೆ ಹತ್ತಿರ. ಗಂಡನ ಮನೆ ಹೊಸನಗರ ತಾಲ್ಲೂಕು, ನಗರ ಅನ್ನುವ ಊರಿನಿಂದ ಇನ್ನೂ ಒಳಗೆ. ಕಡಲು ನೋಡಿಕೊಂಡು ಬೆಳೆದವಳು ಹುಲಿಕಲ್ ಘಾಟಿ ಹತ್ತಿ ಬಂದು ಮೂವತ್ತು ವರ್ಷ ದಾಟಿತು. ಎರಡು ಅವಧಿ ಗ್ರಾಮ ಪಂಚಾಯಿತಿ ಸದಸ್ಯೆಯಾಗಿದ್ದೆ. ಈಗ ಯಾವ ಕುರ್ಚಿಯೂ ಇಲ್ಲ. ಆದರೂ ಮಳೆಗಾಲ ಹತ್ತಿರ ಬಂತು ಅಂದರೆ ಹೊಸ ಸದಸ್ಯರು, ಸಂಘದ ಹೆಂಗಸರು ಫೋನ್ ಮಾಡುತ್ತಾರೆ. "ಅಕ್ಕಾ, ಧರೆ ಕುಸಿತಕ್ಕೆ ದುಡ್ಡು ಬಂದಿದೆ. ಯಾರ ಮನೆ ಹಿಂದೆ ಹಾಕೋದು?" ಅಂತ. ಧರೆ ಅಂದರೆ ನಮ್ಮ ಕಡೆ ಗುಡ್ಡ ಕಡಿದಲ್ಲಿ ಗೋಡೆಯಂತೆ ನಿಲ್ಲುವ ಮಣ್ಣು. ಒಬ್ಬೊಬ್ಬರಿಗೆ ಹೇಳಿ ಸಾಕಾಯಿತು, ಅದಕ್ಕೇ ಬರೆಯುತ್ತಿದ್ದೇನೆ.

ತವರಲ್ಲಿ ಕಡಲ್ಕೊರೆತ, ಇಲ್ಲಿ ಧರೆ ಕುಸಿತ. ಎರಡು ಕಡೆಯೂ ನಾನು ಕಂಡ ತಪ್ಪು ಮಾತ್ರ ಒಂದೇ. ಗೋಡೆ ಎಲ್ಲಿ ಕಟ್ಟಬೇಕು ಅಂತ ತೀರ್ಮಾನ ಆಗುವ ದಿನ, ಮೊದಲು ನೀರು ನುಗ್ಗುವ ಮನೆಯವರು ಅಲ್ಲಿ ಇರುವುದಿಲ್ಲ. ಕೂಲಿಗೆ ಹೋಗಿರುತ್ತಾರೆ.

ಮೊದಲು ಮಳೆಯಲ್ಲಿ ನಡೆಯಿರಿ

ಸ್ಥಳ ಪರಿಶೀಲನೆ ಅಂತ ಏಪ್ರಿಲ್‌ನಲ್ಲಿ ಜೀಪು ಬರುತ್ತದೆ. ಆಗ ಹಳ್ಳ ಒಣಗಿ ಬಿಳಿ ಕಲ್ಲು ಕಾಣುತ್ತಿರುತ್ತದೆ. ಜೀಪಿನಿಂದ ಕಾಣುವುದು ರಸ್ತೆ ಬದಿಯ ಮನೆ ಮಾತ್ರ. ಹಾಗಾಗಿ ನೀವು ಹಿಂದಿನ ಮಳೆಗಾಲದಲ್ಲೇ, ಪುಷ್ಯವೋ ಆಶ್ಲೇಷವೋ ಸುರಿಯುವಾಗಲೇ ಒಂದು ಸಲ ಕೊಡೆ ಹಿಡಿದು ನಡೆದಿರಬೇಕು. ಒಬ್ಬರೇ ಹೋಗಬೇಡಿ. ಆಶಾ ಕಾರ್ಯಕರ್ತೆಯನ್ನು ಕರೆದುಕೊಳ್ಳಿ, ಹಾಸಿಗೆ ಹಿಡಿದವರು ಯಾರು, ದಿನ ತುಂಬಿದ ಬಸುರಿ ಯಾರು ಅಂತ ಅವರಿಗೆ ಗೊತ್ತು. ಲೈನ್‌ಮನ್‌ಗೆ ಯಾವ ಕಂಬ ವಾಲಿದೆ ಅಂತ ಗೊತ್ತು. ಪಂಚಾಯಿತಿಯ ವಾಟರ್‌ಮನ್‌ಗೆ ಯಾವ ಪೈಪು ಪ್ರತಿವರ್ಷ ಅದೇ ಜಾಗದಲ್ಲಿ ಕಿತ್ತು ಬರುತ್ತದೆ ಅಂತ ಗೊತ್ತು. ಅದೇ ಜಾಗದಲ್ಲಿ ಪೈಪು ಕೀಳುತ್ತದೆ ಅಂದರೆ ಕೆಳಗೆ ಮಣ್ಣು ಸರಿಯುತ್ತಿದೆಯಾ ಅಂತ ನೋಡಬೇಕು.

ಇನ್ನು ಕೆಲವು ಗುರುತು. ಗುಡ್ಡದ ನೆತ್ತಿಯಲ್ಲಿ ಬಿರುಕು. ಹೋದ ವರ್ಷ ಇಲ್ಲದ ಕಡೆ ಹೊಸ ಒರತೆ. ಹಳ್ಳದ ನೀರು ಇದ್ದಕ್ಕಿದ್ದಂತೆ ಕೆಂಪಾಗುವುದು. ಅದಕ್ಕಿಂತ ಹೆದರಬೇಕಾದ್ದು, ಮಳೆ ಬರುತ್ತಲೇ ಇರುವಾಗ ಹಳ್ಳದ ನೀರು ಕಮ್ಮಿಯಾಗುವುದು. ಮೇಲೆ ಎಲ್ಲೋ ಮಣ್ಣು, ಮರ ಬಿದ್ದು ನೀರು ಕಟ್ಟಿಕೊಂಡಿರಬಹುದು.

ಒಂದು ಬಾಗಿಲಿನ ಕತೆ ಹೇಳುತ್ತೇನೆ. ನಮ್ಮ ವಾರ್ಡಿನ ಕಾಲನಿಯಲ್ಲಿ ಒಬ್ಬ ಅಜ್ಜಿ. ಒಂಟಿ. ಒಂದು ದನ. ನಾವು ಹೋದಾಗ ಬಾಗಿಲು ತೆಗೆಯಲು ಒದ್ದಾಡುತ್ತಿದ್ದಳು. ಸೊಂಟ ಕೊಟ್ಟು ನೂಕಿ ತೆರೆದಳು. ಬಾಗಿಲ ಅಡಿ ನೋಡಿದರೆ ಕತ್ತಿಯಲ್ಲಿ ಕೆತ್ತಿದ ಗುರುತು, ಒಂದರ ಮೇಲೆ ಒಂದು. "ಮಳೆಗೆ ಮರ ಉಬ್ಬುತ್ತೆ ಅಮ್ಮ. ಹೋದ ವರ್ಷ ಒಂಚೂರು ಕೆತ್ತಿದೆ, ಈ ವರ್ಷ ಮತ್ತೆ ತಾಗ್ತಿದೆ" ಅಂದಳು. ಮಳೆಗೆ ಮರ ಉಬ್ಬುವುದು ಹೌದು. ಆದರೆ ಬೇಸಿಗೆಯಲ್ಲಿ ಇಳಿಯಬೇಕಲ್ವಾ? ಇಳಿದಿರಲಿಲ್ಲ. ಚೌಕಟ್ಟೇ ಓರೆಯಾಗಿತ್ತು. ಹಿತ್ತಲಿಗೆ ಹೋಗಿ ನೋಡಿದೆವು. ಧರೆಯ ಬುಡದಲ್ಲಿ ಬೆರಳು ತೂರುವಷ್ಟು ಬಿರುಕು. ಅಜ್ಜಿ ಎರಡು ವರ್ಷದಿಂದ ಗುಡ್ಡ ಸರಿಯುವುದನ್ನು ಬಾಗಿಲಿನಲ್ಲಿ ಅಳೆಯುತ್ತಿದ್ದಳು. ಯಾರೂ ಕೇಳಿರಲಿಲ್ಲ, ಅವಳಿಗೂ ಅದು ಹೇಳುವ ವಿಷಯ ಅಂತ ಅನ್ನಿಸಿರಲಿಲ್ಲ. ಅವತ್ತಿನಿಂದ ಯಾವ ಮನೆಗೆ ಹೋದರೂ ನನ್ನ ಮೊದಲ ಪ್ರಶ್ನೆ ಇದೇ: ಬಾಗಿಲು ಸರಿಯಾಗಿ ಹಾಕಿಕೊಳ್ಳುತ್ತದಾ?

ಒಂದು ನೋಟ್‌ಬುಕ್ ಇಡಿ

ಸರ್ಕಾರಿ ಕಾಗದದಲ್ಲಿ "ದುರ್ಬಲ ವರ್ಗ" ಅಂತ ಬರೆದಿರುತ್ತಾರೆ. ನನಗೆ ಆ ಮಾತು ಹಿಡಿಸುವುದಿಲ್ಲ. ತಲೆ ಮೇಲೆ ಹುಲ್ಲಿನ ಹೊರೆ ಹೊತ್ತು ಗುಡ್ಡ ಹತ್ತುವ ಹೆಂಗಸು ದುರ್ಬಲಳಾ? ಅವಳು ನಿಂತ ಜಾಗ ದುರ್ಬಲ, ಕೈಯಲ್ಲಿರುವ ಕಾಗದ ದುರ್ಬಲ. ಹಾಗಾಗಿ ಜಾತಿ, ಬಿಪಿಎಲ್ ಕಾರ್ಡು ಅಷ್ಟೇ ಬರೆದುಕೊಂಡರೆ ಸಾಲದು.

ನಾನು ಮನೆಗೊಂದು ಪುಟ ಇಡುತ್ತಿದ್ದೆ. ರಾತ್ರಿ ಎರಡು ಗಂಟೆಗೆ "ಎದ್ದು ಬನ್ನಿ" ಅಂದರೆ ಯಾರು ನಡೆಯಲಾರರು? ಹೊರಗೆ ಬರಲು ದಾರಿ ಎಷ್ಟು, ಹಳ್ಳ ದಾಟುವ ಕಾಲುಸಂಕ ಒಂದೇನಾ? ಟವರ್ ಸಿಗುತ್ತದಾ, ಕರೆಂಟು ಹೋದ ಮೇಲೂ ಸಿಗುತ್ತದಾ? ನಮ್ಮಲ್ಲಿ ಕರೆಂಟು ಹೋದರೆ ಟವರೂ ಹೋಗುತ್ತದೆ, ಆಮೇಲೆ ಎಚ್ಚರಿಕೆ ಮೆಸೇಜು ಬಂದು ಏನು ಪ್ರಯೋಜನ. ದನ ಎಷ್ಟು? ತಪ್ಪಿಸಲಾಗದ ಮಾತ್ರೆ, ಡಯಾಲಿಸಿಸ್ ಇದೆಯಾ? ಕೊನೆಗೆ, ಮನೆಗೆ ಹಕ್ಕುಪತ್ರ ಇದೆಯಾ?

ಈ ಕೊನೆಯದನ್ನು ಬಿಡಬೇಡಿ. ಸರ್ಕಾರಿ ಜಾಗದಲ್ಲಿ ಕಟ್ಟಿಕೊಂಡ ಮನೆ ಸಕ್ರಮ ಮಾಡಿಕೊಡಿ ಅಂತ ಭೂಕಂದಾಯ ಕಾಯ್ದೆಯ 94ಸಿ ಅಡಿ ಅರ್ಜಿ ಹಾಕಿ ಕಾಯುತ್ತಿರುವವರು, ಅರಣ್ಯ ಹಕ್ಕಿನ ಅರ್ಜಿ ತಿರಸ್ಕಾರ ಆದವರು, ಯಾರದೋ ತೋಟದ ಅಂಚಿನಲ್ಲಿ ಕಟ್ಟಿಕೊಂಡವರು ಮಲೆನಾಡಿನ ತುಂಬ ಇದ್ದಾರೆ. ಮನೆ ಬಿದ್ದರೆ ಪರಿಹಾರದ ಪಟ್ಟಿಯಲ್ಲಿ ಮೊದಲು ತೊಡಕಾಗುವುದು ಇವರ ಹೆಸರಿಗೆ. ಎಷ್ಟೋ ಸಲ ಇವರೇ ಬಿರುಕು ಮುಚ್ಚಿಡುತ್ತಾರೆ. "ಅಪಾಯ ಅಂತ ಬರೆದರೆ ಎಬ್ಬಿಸಿ ಬಿಡ್ತಾರೆ" ಅನ್ನುವ ಹೆದರಿಕೆ. ಅವರು "ಎಂತದೂ ಇಲ್ಲಮ್ಮ, ಚೆನ್ನಾಗಿದೆ" ಅಂದರೆ ಅಷ್ಟಕ್ಕೇ ನಂಬಿ ಬರಬೇಡಿ. ಕಾಫಿ ಕುಡಿದು, ಹಿತ್ತಲಿಗೆ ಹೋಗಿ ಬನ್ನಿ.

ಇನ್ನೊಂದು ಗುಂಪು ಯಾವ ಲೆಕ್ಕಕ್ಕೂ ಸಿಗುವುದಿಲ್ಲ. ಅಡಿಕೆ ತೋಟದ ಲೈನ್ ಮನೆಗಳಲ್ಲಿ ಇರುವ ಕೆಲಸದವರು. ಬಯಲುಸೀಮೆಯಿಂದ ಬಂದವರು, ಈಗೀಗ ಅಸ್ಸಾಂ ಕಡೆಯವರೂ ಇದ್ದಾರೆ. ಇಲ್ಲಿ ಓಟಿಲ್ಲ, ರೇಷನ್ ಕಾರ್ಡಿಲ್ಲ. ಲೈನ್ ಮನೆ ಕಟ್ಟುವುದು ಬೇರೆ ಯಾವುದಕ್ಕೂ ಬರದ ಜಾಗದಲ್ಲಿ, ಅಂದರೆ ಹಳ್ಳದ ಪಕ್ಕ ಇಲ್ಲವೇ ಗುಡ್ಡದ ಬುಡ. 2024ರ ಜುಲೈ 30ರ ಬೆಳಗಿನ ಜಾವ ವಯನಾಡಿನಲ್ಲಿ ಗುಡ್ಡ ಬಂದಾಗ ಸತ್ತವರಲ್ಲಿ ಎಸ್ಟೇಟ್ ಪಾಡಿಗಳಲ್ಲಿದ್ದ, ಅಂದರೆ ಅಲ್ಲಿನ ಲೈನ್ ಮನೆಗಳಲ್ಲಿದ್ದ ಕೂಲಿಯವರೂ ಇದ್ದರು. ನೋಟ್‌ಬುಕ್ಕಿನಲ್ಲಿ ಅವರಿಗೂ ಒಂದು ಪುಟ ಇರಲಿ, ಹೆಸರು ಅವರ ಬಾಯಿಂದಲೇ ಕೇಳಿ ಬರೆಯಿರಿ.

ಅಂಗವಿಕಲರ ವಿಷಯದಲ್ಲಿ ಕಾನೂನು ನಮ್ಮ ಕಡೆಗಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 8ನೇ ಸೆಕ್ಷನ್ ಪ್ರಕಾರ ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರ ಅವರ ವಿವರ ಇಟ್ಟುಕೊಳ್ಳಬೇಕು, ಅಪಾಯ ಇದ್ದಾಗ ಅವರಿಗೆ ತಿಳಿಸುವ ವ್ಯವಸ್ಥೆ ಮಾಡಬೇಕು. ನಿಮ್ಮ ನೋಟ್‌ಬುಕ್ಕಿನ ಆ ಪುಟಗಳನ್ನು ಒಂದು ಅರ್ಜಿಯ ಜೊತೆ ಕಳಿಸಿ, ಸ್ವೀಕೃತಿ ತೆಗೆದುಕೊಳ್ಳಿ. ಮನೆಯವರನ್ನು ಕೇಳಿಯೇ ಕಳಿಸಿ.

ಅಪಾಯ ಹೋಯಿತಾ, ಪಕ್ಕದ ಮನೆಗೆ ದಾಟಿತಾ?

ಇದನ್ನು ನಾನು ಕಲಿತಿದ್ದು ತವರಲ್ಲಿ. ಮರವಂತೆಯಲ್ಲಿ ಹೆದ್ದಾರಿಯ ಒಂದು ಕಡೆ ಕಡಲು, ಇನ್ನೊಂದು ಕಡೆ ಸೌಪರ್ಣಿಕಾ. ಬಸ್ಸಿನವರು ನಿಲ್ಲಿಸಿ ಫೋಟೋ ತೆಗೆಯುತ್ತಾರೆ, ನಮಗೆ ಅದು ಎರಡೂ ಕಡೆಯಿಂದ ತಿನ್ನುವ ನೀರು. ನಮ್ಮ ಕೇರಿಯ ಹತ್ತಿರ ಒಂದು ವರ್ಷ ಕಲ್ಲು ತಂದು ಸುರಿದರು. ರಸ್ತೆಗೆ ಒಳ್ಳೆಯದಾಯಿತು, ಸುಳ್ಳು ಹೇಳಬಾರದು. ಆದರೆ ಕಲ್ಲಿಗೆ ಹೊಡೆದ ತೆರೆ ಸುಮ್ಮನೆ ಹಿಂದೆ ಹೋಗುವುದಿಲ್ಲ. ಕಲ್ಲಿನ ಸಾಲು ಎಲ್ಲಿ ಮುಗಿಯುತ್ತದೋ ಅದರ ಪಕ್ಕದ ಮರಳನ್ನು ಜಾಸ್ತಿ ತಿನ್ನುತ್ತದೆ. ಎರಡು ಮಳೆಗಾಲದಲ್ಲಿ ಪಕ್ಕದ ನಾಲ್ಕು ತೆಂಗಿನಮರ ಹೋದವು. ನನ್ನ ತಮ್ಮ ಕೇಳಿದ್ದು ಇಷ್ಟೇ: "ಅಕ್ಕ, ಗ್ವಾಡಿ ಕಟ್ರೆ ದೋಣಿ ಎಲ್ಲ್ ಎಳುದ್?" ಕೈರಂಪಣಿ ಬಲೆ ಎಳೆಯಲು ಮರಳು ಬೇಕು, ದೋಣಿ ಇಡಲು ಮರಳು ಬೇಕು. ಮೀನು ಒಣಗಿಸುವ ಹೆಂಗಸರಿಗೂ ಅದೇ ಮರಳು ಬೇಕು. ನನ್ನ ದೊಡ್ಡಮ್ಮ ನಲವತ್ತು ವರ್ಷ ಬಂಗುಡೆ ಹರವುತ್ತಿದ್ದ ಜಾಗದಲ್ಲಿ ಆಳೆತ್ತರದ ಕಲ್ಲು ಬಿತ್ತು. ಅವಳ ಮನೆ ಉಳಿಯಿತು, ಕಸುಬು ಹೋಯಿತು. ಕಾಗದದಲ್ಲಿ ಅವಳು "ಫಲಾನುಭವಿ".

ಬೆಟ್ಟದಲ್ಲೂ ಹಾಗೇ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಜರಿಯಿತು. ಹೆದ್ದಾರಿ ಬದಿಯ ಚಹಾ ಅಂಗಡಿ, ಲಾರಿ ಎಲ್ಲರಿಗೂ ನೆನಪಿದೆ. ಆದರೆ ಮಣ್ಣು ಗಂಗಾವಳಿಗೆ ಬಿದ್ದ ರಭಸಕ್ಕೆ ನೀರು ಎದ್ದು ಹೊಡೆದದ್ದು ಆಚೆ ದಡದ ಉಳುವರೆಯ ಮನೆಗಳಿಗೆ. ಈ ಕಡೆಯ ಗುಡ್ಡದಿಂದ ಆ ದಡಕ್ಕೆ ಅಪಾಯ ಅಂತ ಯಾರು ಯೋಚಿಸಿರುತ್ತಾರೆ?

ಹಾಗಾಗಿ ಯಾವ ಯೋಜನೆ ಮುಂದಿಟ್ಟರೂ ಮೂರು ವಿಷಯ ಬಾಯಿಬಿಟ್ಟು ಕೇಳಿ. ಈ ಗೋಡೆಯ ಹಿಂದೆ ನಿಲ್ಲುವ ನೀರು ಯಾವ ತೂತಿನಿಂದ ಹೊರಗೆ ಬರುತ್ತದೆ? ಬಂದದ್ದು ಯಾರ ಅಂಗಳಕ್ಕೆ ಹೋಗುತ್ತದೆ? ಜೆಸಿಬಿ ಕಡಿದ ಮಣ್ಣು ಎಲ್ಲಿ ಸುರಿಯುತ್ತಾರೆ? ಮೂರನೆಯದಕ್ಕೆ ನಮ್ಮ ಕಡೆ ಸಿಗುವ ಉತ್ತರ ಯಾವಾಗಲೂ "ಇಲ್ಲೇ ಕೆಳಗೆ". ಆ "ಇಲ್ಲೇ ಕೆಳಗೆ" ಅನ್ನುವಲ್ಲಿ ಯಾರೋ ಇರುತ್ತಾರೆ.

ತೂಗುವುದು

ರೂಪಾಯಿ ಲೆಕ್ಕದಲ್ಲಿ ತೂಗಿದರೆ ಬಡವರು ಯಾವತ್ತೂ ಸೋಲುತ್ತಾರೆ. ಇಪ್ಪತ್ತು ಲಕ್ಷದ ಮನೆ ಒಂದು ಕಡೆ, ಶೀಟು ಹೊದಿಸಿದ ಹನ್ನೊಂದು ಮನೆ ಇನ್ನೊಂದು ಕಡೆ ಇಟ್ಟರೆ ತಕ್ಕಡಿ ಯಾವ ಕಡೆ ವಾಲುತ್ತದೆ ಗೊತ್ತಲ್ಲ. ನಮ್ಮಲ್ಲಿ ನಿಜಕ್ಕೂ ಹಾಗೇ ಬಂತು. ದುಡ್ಡು ಒಂದು ಕೆಲಸಕ್ಕೆ ಸಾಕಿತ್ತು. ಒಂದು ಬೇಡಿಕೆ, ಅಡಿಕೆ ಒಣಗಿಸಲು ಅಂಗಳ ದೊಡ್ಡದು ಮಾಡಿ ಧರೆ ಕಡಿದುಕೊಂಡಿದ್ದ ಒಬ್ಬರ ಮನೆ ಹಿಂದೆ ತಡೆಗೋಡೆ. ಅವರು ಸಂಬಂಧದಲ್ಲಿ ನನಗೆ ಭಾವ. ಇನ್ನೊಂದು, ಆ ಹನ್ನೊಂದು ಮನೆಯ ಕಾಲನಿಯ ಮೇಲ್ಭಾಗದಲ್ಲಿ ಗುಡ್ಡದ ನೀರನ್ನು ಹಳ್ಳಕ್ಕೆ ತಿರುಗಿಸುವ ಕಲ್ಲಿನ ಚರಂಡಿ ಮತ್ತು ಕಾಲುಸಂಕ.

ನೋಟ್‌ಬುಕ್ಕಿನ ನಡುವಿನ ಹಾಳೆ ಬಿಡಿಸಿ ಮೂರು ಗೆರೆ ಎಳೆದೆ. ಜೀವ, ಬದುಕು, ಮತ್ತೆ ಏಳಲು ಎಷ್ಟು ವರ್ಷ. ಮೊದಲ ಸಾಲಿನಲ್ಲಿ ಭಾವನ ಮನೆಯವರು ಐದು ಜನ, ಎರಡು ಕಡೆ ಬಾಗಿಲು, ಕಾರು, ಶಿವಮೊಗ್ಗದಲ್ಲಿ ಮಗನ ಮನೆ. ಕಾಲನಿಯಲ್ಲಿ ನಲವತ್ತಕ್ಕೂ ಹೆಚ್ಚು ಜನ, ಹೊರಗೆ ಬರಲು ಎರಡು ಅಡಕೆ ದಬ್ಬೆಯ ಸಂಕ. ಎರಡನೆಯ ಸಾಲು ಅಷ್ಟು ಸುಲಭ ಇರಲಿಲ್ಲ. ಧರೆ ಬಂದರೆ ಭಾವನ ಒಂದಿಷ್ಟು ಅಡಿಕೆ ಮರವೂ ಹೋಗುತ್ತಿತ್ತು. ಅಡಿಕೆ ಗಿಡ ನೆಟ್ಟು ಫಸಲು ನೋಡಲು ಐದಾರು ವರ್ಷ ಬೇಕು. "ಇದ್ದವರು, ತಡ್ಕೊಳ್ತಾರೆ ಬಿಡಿ" ಅನ್ನುವುದು ನ್ಯಾಯ ಅಲ್ಲ, ಅವರ ನಷ್ಟವನ್ನೂ ಬರೆಯಬೇಕು. ಆದರೆ ಮೂರನೆಯ ಸಾಲಿಗೆ ಬಂದಾಗ ವಿಷಯ ತಿಳಿಯಾಯಿತು. ಭಾವನಿಗೆ ಪಹಣಿ ಇದೆ, ಬ್ಯಾಂಕು ಸಾಲ ಕೊಡುತ್ತದೆ, ಪರಿಹಾರ ಕೈಗೆ ಸಿಗುತ್ತದೆ. ಅಜ್ಜಿಗೆ ಮನೆ ಬಿದ್ದರೆ ಏಳಲು ಎಷ್ಟು ವರ್ಷ ಅಂತ ಬರೆಯುವಲ್ಲಿ ಪೆನ್ನು ನಿಂತಿತು. ಅವಳು ಏಳುವುದೇ ಇಲ್ಲ.

ಕಾಲನಿಯ ಚರಂಡಿ, ಸಂಕ ಮೊದಲು ಅಂತ ಆಯಿತು. ಭಾವ ಒಂದು ವರ್ಷ ನಮ್ಮ ಜೊತೆ ಮಾತು ಬಿಟ್ಟರು. ಮುಂದಿನ ಆಶ್ಲೇಷದಲ್ಲಿ ಅವರ ಧರೆ ಕೊಟ್ಟಿಗೆ ಮೇಲೆ ಬಿತ್ತು, ಒಂದು ದನ ಹೋಯಿತು. ತೀರ್ಮಾನ ತಪ್ಪು ಅಂತ ನನಗೆ ಈಗಲೂ ಅನ್ನಿಸುವುದಿಲ್ಲ. ಆದರೆ ಅವತ್ತು ಮಣ್ಣಿನಿಂದ ಹೊರಗೆ ಚಾಚಿಕೊಂಡಿದ್ದ ಹಗ್ಗದ ತುದಿ ನೋಡಿದ್ದೇನೆ. ತೂಗುವಾಗ ಇನ್ನೊಂದು ತಟ್ಟೆ ಖಾಲಿ ಇರುತ್ತದೆ ಅಂದುಕೊಂಡು ಕೂರಬೇಡಿ. ದುಡ್ಡು ಸಿಗದ ಮನೆಗೂ ಅವತ್ತೇ ಏನಾದರೂ ಮಾಡಿ. ಧರೆಗೆ ಟಾರ್ಪಾಲ್ ಹೊದಿಸಲು, ನೀರು ಬೇರೆ ಕಡೆ ಬಿಡಲು, ಮಳೆ ಜೋರಾದಾಗ ದನ ಬೇರೆ ಕಡೆ ಕಟ್ಟಲು ದೊಡ್ಡ ಖರ್ಚಿಲ್ಲ. ನಾವು ಅದನ್ನು ಹೇಳಲೂ ಇಲ್ಲ, ಅವರು ಕೇಳುವ ಮನಸ್ಥಿತಿಯಲ್ಲೂ ಇರಲಿಲ್ಲ.

"ಅವರನ್ನೇ ಎಬ್ಬಿಸಿ" ಅನ್ನುವವರಿಗೆ

ಪ್ರತಿ ಸಭೆಯಲ್ಲೂ ಒಬ್ಬರಾದರೂ ಹೀಗೆ ಅನ್ನುತ್ತಾರೆ. "ಅಪಾಯದ ಜಾಗದಲ್ಲಿ ಯಾಕೆ ಇರಬೇಕು, ಬೇರೆ ಕಡೆ ಸೈಟು ಕೊಟ್ಟು ಕಳಿಸಿ." ಕೇಳಲು ಚಂದ. ಶಿವಮೊಗ್ಗ ಜಿಲ್ಲೆಯವರಿಗೆ ಇದರ ರುಚಿ ಗೊತ್ತು. ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ಊರಿಗೆ ಬೆಳಕು ಕೊಡಲು ಮುಳುಗಡೆ ಜಾಗದಿಂದ ಎದ್ದು ಬಂದವರ ಮೊಮ್ಮಕ್ಕಳು ಇವತ್ತಿಗೂ ಜಮೀನಿನ ಹಕ್ಕಿಗೆ ಅಲೆಯುತ್ತಿದ್ದಾರೆ. ಹಾಗಾಗಿ ಕಾಲನಿಯವರು "ಸ್ಥಳಾಂತರ" ಅನ್ನುವ ಮಾತಿಗೆ ಬೆಚ್ಚಿಬಿದ್ದರೆ ಅದು ಹಟ ಅಲ್ಲ, ನೆನಪು.

ನಿಜಕ್ಕೂ ಎದ್ದೇ ಹೋಗಬೇಕಾದ ಜಾಗ ಇರುತ್ತದೆ, ಇಲ್ಲ ಅನ್ನುವುದಿಲ್ಲ. ಆಗ ಹೊಸ ಜಾಗ ಮೊದಲು ತೋರಿಸಿ, ಹಕ್ಕುಪತ್ರ ಕೈಗೆ ಕೊಡಿ, ಆಮೇಲೆ ಮಾತು. ಅಲ್ಲಿಂದ ಕೆಲಸದ ತೋಟಕ್ಕೆ ಎಷ್ಟು ದೂರ, ಶಾಲೆ ಎಲ್ಲಿ, ಭೂತನ ಕಲ್ಲು ಏನಾಗುತ್ತದೆ, ಅಕ್ಕಪಕ್ಕದವರು ಒಟ್ಟಿಗೇ ಬರುತ್ತಾರಾ ಅಂತ ಕೇಳಿ. ಅಷ್ಟು ದೊಡ್ಡದು ಬೇಡದ ಕಡೆ ಮಳೆಯ ಎರಡು ತಿಂಗಳಿಗೆ ಮಾತ್ರ ಬೇರೆ ಕಡೆ ಇರುವ ಏರ್ಪಾಟು ಸಾಕಾಗುತ್ತದೆ. ಅಪಾಯದ ಹೊತ್ತಿಗೆ ಆಸರೆ ಕೊಡುವ ಕಾಳಜಿ ಕೇಂದ್ರಕ್ಕೆ ಜನ ಬರುವುದಿಲ್ಲ ಅಂತ ಬೈಯುವ ಮುಂಚೆ ಕೇಂದ್ರದ ಕಕ್ಕಸಿಗೆ ಚಿಲಕ ಇದೆಯಾ ನೋಡಿ. ದನ ಕಟ್ಟಲು ಜಾಗ ಇದೆಯಾ ನೋಡಿ. ನಮ್ಮ ಶಾಲೆಯ ಹಿಂದೆ ನಾಲ್ಕು ಕಂಬ ನೆಟ್ಟು ಶೀಟು ಹಾಕಿದ ಮೇಲೆ ಅಜ್ಜಿ ಮರುಮಾತಾಡದೆ ಬಂದಳು. ಮೊದಲು ದನ, ಹಿಂದೆ ಅವಳು.

ಸಭೆ, ನಡಾವಳಿ

ವಾರ್ಡ್ ಸಭೆ ಆರು ತಿಂಗಳಿಗೊಮ್ಮೆಯಾದರೂ ನಡೆಯಬೇಕು ಅಂತ 1993ರ ಪಂಚಾಯತ್ ರಾಜ್ ಕಾಯ್ದೆಯಲ್ಲೇ ಇದೆ. ಬಂದವರಲ್ಲಿ ಶೇಕಡಾ 30 ಹೆಂಗಸರಿರಬೇಕು, ಪರಿಶಿಷ್ಟ ಜಾತಿ, ಪಂಗಡದವರು ತಮ್ಮ ಜನಸಂಖ್ಯೆಗೆ ತಕ್ಕಷ್ಟು ಇರಬೇಕು. ಅಡಿಕೆಯ ಕೊನೆಕೊಯ್ಲಿನ ಕಾಲದಲ್ಲಿ ಬೆಳಗ್ಗೆ ಹನ್ನೊಂದಕ್ಕೆ ಸಭೆ ಇಟ್ಟರೆ ಸಹಿ ಸಿಗುತ್ತದೆ, ಜನ ಸಿಗುವುದಿಲ್ಲ. ಸಂಜೆ ಇಡಿ, ಕಾಲನಿಯ ಅಂಗಳದಲ್ಲೇ ಇಡಿ. ತಮ್ಮ ಜಗಲಿಯಲ್ಲಿ ಕೂತ ಹೆಂಗಸು ಮಾತಾಡುತ್ತಾಳೆ. ಪಂಚಾಯಿತಿ ಹಾಲಿನಲ್ಲಿ ಅವಳೇ ಬಾಗಿಲ ಹತ್ತಿರ ನಿಂತು ಸೆರಗು ಕಚ್ಚಿಕೊಂಡಿರುತ್ತಾಳೆ. ಮೊದಲು ಮಾತು ಅವರಿಗೇ ಕೊಡಿ. ದೊಡ್ಡವರು ಒಮ್ಮೆ ಶುರು ಮಾಡಿದರೆ ಆಮೇಲೆ ಎಲ್ಲರೂ "ಅವರು ಹೇಳಿದ್ದೇ ಸರಿ".

ನಡಾವಳಿ ಪುಸ್ತಕದಲ್ಲಿ "ಚರ್ಚಿಸಿ ತೀರ್ಮಾನಿಸಲಾಯಿತು" ಅಂತ ಒಂದೇ ಸಾಲು ಬರೆಯಲು ಬಿಡಬೇಡಿ. ಯಾರು ಏನು ಹೇಳಿದರು, ಅದನ್ನು ಒಪ್ಪಿದ್ದು ಯಾಕೆ, ಬಿಟ್ಟಿದ್ದು ಯಾಕೆ, ಎಲ್ಲ ಇರಲಿ. ಓದಿ ಹೇಳಿಸಿ ಸಹಿ ಹಾಕಿಸಿ. ನಾಳೆ ಮೇಲಿನವರು ಕೆಲಸ ಬದಲಿಸಿದರೆ ನಿಮ್ಮ ಕೈಯಲ್ಲಿರುವುದು ಆ ಪುಟದ ಪ್ರತಿ ಒಂದೇ. ಕೊಡದಿದ್ದರೆ ಮಾಹಿತಿ ಹಕ್ಕಿನಲ್ಲಿ ಕೇಳಿ.

2005ರ ವಿಪತ್ತು ನಿರ್ವಹಣಾ ಕಾಯ್ದೆಯ ಪ್ರಕಾರ ಜಿಲ್ಲಾ ಯೋಜನೆಯಲ್ಲಿ ಅಪಾಯದ ಜಾಗಗಳ ಪಟ್ಟಿ ಇರಬೇಕು. ಪ್ರಾಧಿಕಾರಕ್ಕೆ ಜಿಲ್ಲಾಧಿಕಾರಿಯೇ ಅಧ್ಯಕ್ಷರು. ನಿಮ್ಮ ಕಾಲನಿಯ ಹೆಸರು ಆ ಪಟ್ಟಿಯಲ್ಲಿದೆಯಾ ಅಂತ ಒಮ್ಮೆ ನೋಡಿ, ಇಲ್ಲದಿದ್ದರೆ ಠರಾವು ಮಾಡಿ ಕಳಿಸಿ. ಪರಿಹಾರ ಕೊಡುವಾಗ ಜಾತಿ, ಧರ್ಮ, ಹೆಣ್ಣು ಗಂಡು ಅಂತ ಭೇದ ಮಾಡಬಾರದು ಅಂತ ಅದೇ ಕಾಯ್ದೆಯ 61ನೇ ಸೆಕ್ಷನ್ ಹೇಳುತ್ತದೆ. ಇದನ್ನು ನಾನು ಎರಡು ಸಲ ಗಟ್ಟಿಯಾಗಿ ಓದಿದ್ದೇನೆ, ಎರಡು ಸಲವೂ ಸಭೆ ಸ್ವಲ್ಪ ಹೊತ್ತು ತಣ್ಣಗಾಯಿತು.

ಘಟ್ಟದ ಕೆಳಗಿನವರು ಓದುತ್ತಿದ್ದರೆ ನಿಮಗೆ ಇನ್ನೊಂದು ಕೆಲಸ ಜಾಸ್ತಿ. ಕರಾವಳಿ ನಿಯಂತ್ರಣ ವಲಯದ ನಕ್ಷೆ ನೋಡಬೇಕು. 2011ರ ಅಧಿಸೂಚನೆಯಲ್ಲಿ ಹಳ್ಳಿಗಾಡಿನ ತೀರದಲ್ಲಿ ಉಬ್ಬರದ ಗೆರೆಯಿಂದ 200 ಮೀಟರ್ ತನಕ ಕಟ್ಟಡಕ್ಕೆ ತಡೆ ಇತ್ತು. 2019ರದ್ದರಲ್ಲಿ ಚದರ ಕಿಲೋಮೀಟರಿಗೆ 2,161ಕ್ಕಿಂತ ಹೆಚ್ಚು ಜನ ಇರುವ ಹಳ್ಳಿಗಳಲ್ಲಿ ಅದು 50 ಮೀಟರಿಗೆ ಇಳಿಯಿತು. ಮೀನುಗಾರರ ಮನೆ ರಿಪೇರಿಗೆ ಇದರಿಂದ ಅನುಕೂಲ ಆಗಬಹುದು, ರೆಸಾರ್ಟು ಹತ್ತಿರ ಬರಲೂ ಅದೇ ದಾರಿ. ಕರಡು ನಕ್ಷೆಯ ಸಾರ್ವಜನಿಕ ವಿಚಾರಣೆಗೆ ಹೋದಾಗ ದೋಣಿ ಎಳೆಯುವ ಜಾಗ, ಮೀನು ಒಣಗಿಸುವ ಜಾಗ ಗುರುತಾಗಿದೆಯಾ ಅಂತ ಬೆರಳಿಟ್ಟು ಕೇಳಿ. ದೊಡ್ಡಮ್ಮನ ಮರಳು ಯಾವ ನಕ್ಷೆಯಲ್ಲೂ ಇರಲಿಲ್ಲ.

ಪ್ರತಿ ವರ್ಷ ಮೃಗಶಿರ ಮಳೆಗೆ ಮುಂಚೆ ನೋಟ್‌ಬುಕ್ ತಿದ್ದಬೇಕು. ಪೆನ್ಸಿಲ್‌ನಲ್ಲಿ ಬರೆಯಿರಿ, ಫೋನ್ ನಂಬರು ಬದಲಾಗುತ್ತಲೇ ಇರುತ್ತದೆ. ಈಗ ನಮ್ಮದು ಹೊಸ ಸದಸ್ಯೆಯ ಕೈಯಲ್ಲಿದೆ. ಹೋದ ಸಲ ಇಬ್ಬರೂ ಕೂತು ತಿದ್ದಿದೆವು. ಎರಡು ಹೆಸರು ಅಳಿಸಿದೆವು. ಒಂದು ಸೇರಿಸಿದೆವು, ಭಾವನ ತೋಟದ ಲೈನ್ ಮನೆಯಲ್ಲಿ ಹುಟ್ಟಿದ ಕೂಸು. ಹೆಸರಿನ್ನೂ ಇಟ್ಟಿರಲಿಲ್ಲ, ಜಾಗ ಬಿಟ್ಟು "ಒಂದು ತಿಂಗಳು" ಅಂತ ಬರೆದೆವು.